ಅರಿಶಿನದ ದಾರ ಕಟ್ಟಿದ ಟೊಮೆಟೊ

ಹಾಸನದ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವ ನನಗೆ, ಒಂದು ಟೊಮೆಟೊ ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಸವರುವುದು ಯಾವ ಮಹಾ ಕೆಲಸ? ಹಾಗಂತ ಅಂದುಕೊಂಡು ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ. ಹೇಳಿದ್ದಲ್ಲದೆ, ಎಲ್ಲರಿಗೂ ಒಂದೊಂದು ಗಿಡ ಕೊಡುವುದಾಗಿ ಮಾತೂ ಕೊಟ್ಟೆ.

ಚನ್ನರಾಯಪಟ್ಟಣದಿಂದ ಬಂದುಹೋಗುವ ನಮ್ಮ ಡ್ರಾಯಿಂಗ್ ಮೇಷ್ಟ್ರು ಕುಂಡದಲ್ಲಿ ಚಿತ್ರವಿಚಿತ್ರ ಟೊಮೆಟೊ ಬೆಳೆಸುವವರು. ತಮ್ಮಲ್ಲಿ ಉಳಿದಿದ್ದ ಏಳೇ ಏಳು ಬೀಜವನ್ನು ಕಾಗದದಲ್ಲಿ ಮಡಿಸಿ ಕೊಟ್ಟರು. ಗಿಡ್ಡ ತಳಿ. ಗಿಡ ಮೊಣಕಾಲು ಮೀರುವುದಿಲ್ಲ, ಕಾಂಡ ಹೆಬ್ಬೆರಳಿನಷ್ಟು ದಪ್ಪ, ಹಣ್ಣು ನೇರಳೆ ಬಣ್ಣ. ನೋಡಲು ಚೆಂದ, ಸಾರಿಗೆ ಹಾಕಿದರೆ ಸಪ್ಪೆ. ಇದಕ್ಕೆ ನಮ್ಮ ನಾಟಿ ಟೊಮೆಟೊದ ಪರಾಗ ಹಾಕಿ, ಗಿಡ್ಡ ಗಿಡದಲ್ಲೇ ಹುಳಿ ಹಣ್ಣು ಬಿಡಿಸುವುದು ನನ್ನ ಘನ ಯೋಜನೆ.

ಏಳರಲ್ಲಿ ಉಳಿದದ್ದು ಒಂದೇ ಗಿಡ. ಹೆಂಡತಿ ಗಿರಿಜಾ ಹುಬ್ಬಿಗೆ ಬಳಸುವ ಚಿಮುಟವನ್ನು ಕದ್ದು ತಂದು, ಉಸಿರು ಬಿಗಿಹಿಡಿದು, ಅದರ ಮೊಗ್ಗು ಬಿಡಿಸಿ ಕೇಸರ ಕಿತ್ತು ನಾಟಿ ಹೂವಿನ ಪರಾಗ ಸವರಿದೆ. ಹನ್ನೊಂದು ಹೂವು ಉದುರಿಹೋದವು. ಹನ್ನೆರಡನೆಯದು ಕಾಯಿ ಕಚ್ಚಿತು. ಗುರುತಿಗೆ ತೊಟ್ಟಿಗೊಂದು ದಾರ ಕಟ್ಟಬೇಕಿತ್ತು. ಆತುರದಲ್ಲಿ ಕೈಗೆ ಸಿಕ್ಕಿದ್ದು ದೇವರ ಗೂಡಿನಲ್ಲಿದ್ದ ಅರಿಶಿನದ ದಾರ. ಅದನ್ನೇ ಕಟ್ಟಿದೆ.

ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಸೊರಗು ರೋಗ ಬಂದು ಗಿಡ ಜೋತುಬಿತ್ತು. ಅಲ್ಲಿಗೆ ನನ್ನ ಸಂಶೋಧನೆಯೆಲ್ಲ ಆ ಒಂದು ಹಣ್ಣಿನೊಳಗೆ ಕುಳಿತಂತಾಯಿತು. ಭಾನುವಾರ ಕೀಳೋಣ ಎಂದು ಮುಹೂರ್ತ ಇಟ್ಟೆ. ಭಾನುವಾರ ಬೆಳಿಗ್ಗೆ ತಾರಸಿಗೆ ಹೋದರೆ ಗಿಡವಿದೆ, ಹಣ್ಣಿಲ್ಲ.

ಕೆಳಗೆ ಓಡಿ ಬಂದು ಕೇಳಿದರೆ ಗಿರಿಜಾ ಸಂತೋಷವಾಗಿ ಹೇಳಿದಳು, "ಅಮ್ಮ ತಗೊಂಡೋದ್ರು ಕಣ್ರೀ. ಮೀಸಲು ಕಟ್ಟಿರೋ ಹಣ್ಣು, ಮನೇಲಿ ಇಟ್ಕೋಬಾರ್ದು ಅಂತ. ಅಳಿಯಂದ್ರಿಗೂ ದೇವ್ರ ಮೇಲೆ ಭಕ್ತಿ ಬಂತಲ್ಲ ಅಂತ ಕಣ್ಣೀರೇ ಹಾಕ್ಕೊಂಡ್ರು."

ನಮ್ಮ ಕಡೆ ದೇವರಿಗೆಂದು ಎತ್ತಿಟ್ಟ ವಸ್ತುವಿಗೆ ಅರಿಶಿನದ ದಾರ ಕಟ್ಟಿದರೆ ಅದು ಮೀಸಲು. ದೇವರಿಗೆ ಮುಟ್ಟುವ ತನಕ ಯಾರೂ ಬಾಯಿಗಿಡುವಂತಿಲ್ಲ. ನಮ್ಮಲ್ಲಿ ಎರಡು ದಿನ ಇದ್ದ ಅತ್ತೆ, ಬೆಳಗಿನ ಬಸ್ಸಿಗೆ ಹಣ್ಣಿನ ಸಮೇತ ಕೊಣನೂರಿಗೆ ಹೊರಟುಹೋಗಿದ್ದರು. ಫೋನ್ ಮಾಡಿದೆ. ಬ್ಯಾಗಿನ ತಳದಲ್ಲಿ ಅದು ಹೊಡೆದುಕೊಂಡಿತೋ ಏನೋ, ಎತ್ತಲಿಲ್ಲ.

ಹಲ್ಲೂ ಉಜ್ಜದೆ ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಸಿಗುವ ಅರಕಲಗೂಡು ಬಸ್ ಸ್ಟ್ಯಾಂಡಿನೊಳಗೆ ನಾನು ಹೋಗುವುದಕ್ಕೂ ಕೊಣನೂರು ಬಸ್ಸು ಹೊರಗೆ ಬರುವುದಕ್ಕೂ ಸರಿಹೋಯಿತು. ಕಿಟಕಿಯಲ್ಲಿ ಅತ್ತೆ ಕಂಡರು. ಕೈ ಬೀಸಿದೆ. ಅವರೂ ಬಹಳ ಪ್ರೀತಿಯಿಂದ ಕೈ ಬೀಸಿದರು. ಬಸ್ಸು ಹೋಯಿತು. ಬೆನ್ನು ಹತ್ತೋಣವೆಂದರೆ ಸ್ಕೂಟರಿನಲ್ಲಿ ಪೆಟ್ರೋಲ್ ಮುಗಿದಿತ್ತು.

ಬಂಕಿನ ತನಕ ತಳ್ಳಿಕೊಂಡು ಹೋಗಿ ಪೆಟ್ರೋಲ್ ಹಾಕಿಸಿ, ಕೊಣನೂರಿನ ಅಮ್ಮನ ಗುಡಿ ಮುಟ್ಟುವಷ್ಟರಲ್ಲಿ ಮಂಗಳಾರತಿ ಆಗುತ್ತಿತ್ತು. ನನ್ನ ಹಣ್ಣು ದೇವಿಯ ಪಾದದ ಹತ್ತಿರ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ದೇವಿಯ ಮುಂದಿರುವುದನ್ನು ವಾಪಸ್ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಅಷ್ಟರಲ್ಲಿ ಪೂಜಾರಪ್ಪ ಅದನ್ನೆತ್ತಿ ಎರಡು ಹೋಳು ಮಾಡಿ, ಒಂದನ್ನು ಅತ್ತೆಗೂ ಇನ್ನೊಂದನ್ನು ನನಗೂ ಕೊಟ್ಟರು. ನಾನು ಮೆಲ್ಲಗೆ ಕರವಸ್ತ್ರ ತೆಗೆದೆ.

"ಪ್ರಸಾದ ಕಟ್ಕಂಡ್ ಓಗಂಗಿಲ್ಲ ಸಾ. ಇಲ್ಲೇ ಬಾಯಿಗಾಕಳಿ" ಎಂದರು.

ಹಾಕಿಕೊಂಡೆ. ರಸ ನುಂಗಿ ಬೀಜಗಳನ್ನು ನಾಲಿಗೆಯಲ್ಲಿ ಒಂದು ದವಡೆಗೆ ತಳ್ಳಿ ಬಾಯಿ ಮುಚ್ಚಿದೆ. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಡುವ ತನಕ ಅವರು ಏನು ಹರಕೆ, ಯಾಕೆ ಹೊತ್ತಿರಿ, ತಿಂಡಿ ಆಯ್ತೇ ಎಂದೆಲ್ಲ ಕೇಳಿದರು. ನಾನು "ಹ್ಞೂಂ" ಎಂದೆ. ಎಲ್ಲದಕ್ಕೂ ಅದೇ. ಒಂದು ಹಂಪು ಬಂತು. ಎರಡು ಬೀಜ ಗಂಟಲಿಗಿಳಿದವು. ನನಗೆ ಅಳುವೇ ಬಂತು, ಆದರೆ ಅಳಲೂ ಬಾಯಿ ಬಿಡಬೇಕಲ್ಲ. ಅವರು ಮನೆಯೊಳಗೆ ಹೋದಮೇಲೆ ಗೋಡೆಯ ಮರೆಯಲ್ಲಿ ಕರವಸ್ತ್ರಕ್ಕೆ ಉಗಿದು ಎಣಿಸಿದೆ. ಹತ್ತೊಂಬತ್ತು.

ಹತ್ತೊಂಬತ್ತನ್ನೂ ಬೂದಿಯಲ್ಲಿ ಹೊರಳಿಸಿ ಒಣಗಿಸಿ ಬಿತ್ತಿದೆ. ಹದಿನಾಲ್ಕು ಮೊಳೆತವು. ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆಯುತ್ತಿದ್ದೆ. ಮೊಣಕಾಲಿಗೆ ಬಂದವು. ನಿಲ್ಲಿ ಎಂದೆ, ನಿಲ್ಲಲಿಲ್ಲ. ತೊಡೆ ದಾಟಿ ಸೊಂಟಕ್ಕೆ ಬಂದವು. ಒಂದೂ ಗಿಡ್ಡ ಇಲ್ಲ! ಎಡವಟ್ಟಾಯಿತು, ನಾಟಿ ಬೀಜವೇ ಎಲ್ಲೋ ಸೇರಿಕೊಂಡಿದೆ ಎಂದು ತೀರ್ಮಾನಿಸಿದೆ. ಒಂದಾದರೂ ಇರಲಿ, ಸಾರಿಗಾಗುತ್ತದೆ ಎಂದು ಗಿರಿಜಾ ಬೇಡಿಕೊಂಡಳು. ವಿಜ್ಞಾನದಲ್ಲಿ ಕರುಣೆಗೆ ಜಾಗವಿಲ್ಲ ಎಂದು ಅವಳಿಗೆ ಬುದ್ಧಿ ಹೇಳಿ, ಹದಿನಾಲ್ಕನ್ನೂ ಕಿತ್ತು ಕಸದ ಗಾಡಿಗೆ ಹಾಕಿದೆ.

ಮರುವಾರ ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ನಾನೇ ಬರೆದ ಪ್ರಶ್ನೆ: ಎತ್ತರ ಮತ್ತು ಗಿಡ್ಡ ಬಟಾಣಿ ಗಿಡಗಳನ್ನು ಸಂಕರಿಸಿದರೆ ಮೊದಲ ತಲೆಮಾರು ಹೇಗಿರುತ್ತದೆ? ಉತ್ತರ: ಎಲ್ಲವೂ ಎತ್ತರ; ಗಿಡ್ಡ ಗುಣ ಒಳಗೇ ಅಡಗಿದ್ದು ಎರಡನೇ ತಲೆಮಾರಿನಲ್ಲಿ ಕೆಲವಕ್ಕೆ ಬರುತ್ತದೆ. ಸರಿ ಎಂದು ಗುರುತು ಹಾಕಿದೆ. ಹೀಗೇ ಏಳು ಪತ್ರಿಕೆ ತಿದ್ದಿದೆ. ಎಂಟನೆಯದರಲ್ಲಿ ಪೆನ್ನು ನಿಂತಿತು.

ನನ್ನ ಸಂಕರ ಗೆದ್ದಿತ್ತು. ಗೆದ್ದದ್ದಕ್ಕೇ ಗಿಡಗಳು ಎತ್ತರ ಬೆಳೆದಿದ್ದವು. ಗೆದ್ದದ್ದನ್ನು ಬೇರುಸಹಿತ ಕಿತ್ತವನು, ಹದಿನೆಂಟು ವರ್ಷದಿಂದ ಇದೇ ಪಾಠ ಮಾಡುತ್ತಿರುವ ನಾನು. ಗಿರಿಜಾಗೆ ಹೇಳಿದೆ. ಅವಳು ಪತ್ರಿಕೆಯನ್ನು ಎರಡು ಸಲ ಓದಿ, "ಈ ಮಕ್ಕಳಿಗೆ ಯಾರು ಪಾಠ ಮಾಡಿದ್ದು? ಚೆನ್ನಾಗಿ ಮಾಡಿದಾರೆ" ಎಂದಳು. ಆಮೇಲೆ ಪಾಪ ಅನ್ನಿಸಿತೇನೋ, ಪ್ರಸಾದದ ಬೀಜ ತುಳಿಯಬಾರದೆಂದು ಅವಳಮ್ಮ ತಮ್ಮ ಪಾಲಿನದನ್ನು ಹಿತ್ತಲಲ್ಲಿ ಹಾಕಿದ್ದ ಸಂಗತಿ ತಿಳಿಸಿದಳು.

ಮತ್ತೆ ಸ್ಕೂಟರ್, ಮತ್ತೆ ಕೊಣನೂರು. ಈ ಸಲ ಮೊದಲೇ ಪೆಟ್ರೋಲ್ ಹಾಕಿಸಿದ್ದೆ. ಹಿತ್ತಲಲ್ಲಿ ಒಂದೇ ಒಂದು ಗಿಡ, ನನಗಿಂತ ಎತ್ತರ, ಮೈತುಂಬ ಕಾಯಿ. ನನ್ನ ಕಣ್ಣು ತುಂಬಿತು. ಹತ್ತಿರ ಹೋಗಿ ನೋಡಿದರೆ ಪ್ರತಿ ಗೊಂಚಲಿಗೂ ಅರಿಶಿನದ ದಾರ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಎಲ್ಲಾನೂ ಅಮ್ಮನಿಗೆ ಮೀಸಲು ಕಟ್ಟಿವ್ನಿ ಅಳಿಯಂದ್ರೇ. ಅಣ್ಣಾದ್ಮೇಲೆ ಗುಡಿಗೆ ಬನ್ನಿ, ಪ್ರಸಾದ ಕೊಡುಸ್ತೀನಿ. ಈ ಸಲ ಮಾತ್ರ ದವಡೇಲಿ ಮಡಿಕಂಡು ಓಗ್ಬೇಡಿ, ಕೇಳಿದ್ರೆ ಪೂಜಾರಪ್ಪ ಬೀಜ ಎತ್ತಿಡ್ತಾರೆ, ನಂಗೂ ಅಂಗೇ ಎತ್ತಿಕೊಟ್ಟಿದ್ರು."

"ಹ್ಞೂಂ" ಎಂದೆ.