ಮಿನೋರ್ಕಾ ಪ್ರಕರಣದಲ್ಲಿ ನಮ್ಮ ಕಾಕಾ

1756ರ ಮೇ 20ರಂದು ಮೆಡಿಟರೇನಿಯನ್ ಸಮುದ್ರದಲ್ಲಿ, ಮಿನೋರ್ಕಾ ಎಂಬ ದ್ವೀಪದ ಬಳಿ, ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳ ನಡುವೆ ಕಾಳಗ ನಡೆಯಿತು. ದ್ವೀಪದ ಕೋಟೆಯೊಳಗೆ ಬ್ರಿಟಿಷ್ ಸೈನಿಕರು ಫ್ರೆಂಚರ ಮುತ್ತಿಗೆಗೆ ಸಿಕ್ಕಿದ್ದರು. ಅವರಿಗೆ ನೆರವು ತಲುಪಿಸಲು ಹೋಗಿದ್ದ ಅಡ್ಮಿರಲ್, ಕಾಳಗದ ಬಳಿಕ ಕೋಟೆಯನ್ನು ಮುಟ್ಟದೆ, ಬ್ರಿಟಿಷರ ನೆಲೆಯಾಗಿದ್ದ ಜಿಬ್ರಾಲ್ಟರಿಗೆ ಹಿಂದಿರುಗಿದ. ಕೋಟೆ ಬಿತ್ತು. ಮರುವರ್ಷ ಮಾರ್ಚ್ 14ರಂದು, ಕೈಲಾದಷ್ಟು ಮಾಡಲಿಲ್ಲ ಎಂಬ ಅಪರಾಧಕ್ಕೆ, ಬ್ರಿಟಿಷರು ತಮ್ಮದೇ ಅಡ್ಮಿರಲ್‌ನನ್ನು ಹಡಗಿನ ಮೇಲೆ ನಿಲ್ಲಿಸಿ ಗುಂಡಿಕ್ಕಿದರು.

ಈ ಸುದ್ದಿ ಕಲಬುರಗಿಯ ನಮ್ಮ ಕಾಕಾನಿಗೆ ತಲುಪುವುದು ತುಸು ತಡವಾಯಿತು. ಆದರೆ ತಲುಪಿದ ಮೇಲೆ ಅವರು ತಕ್ಷಣ ಕ್ರಮ ಕೈಗೊಂಡರು! ಮಿನೋರ್ಕಾ ಕೈತಪ್ಪಿದ್ದಕ್ಕೆ ಇಂದಿಗೂ ಊಟ ಬಿಡುವ ಮನುಷ್ಯ ಜಗತ್ತಿನಲ್ಲಿ ಒಬ್ಬನಿದ್ದರೆ ಅದು ಅವರು. ಸಮುದ್ರವನ್ನು ಅವರು ಕಂಡವರಲ್ಲ. ಅವರು ಕಂಡ ಅತಿ ದೊಡ್ಡ ನೀರು ಊರ ನಡುವಿನ ಕೆರೆ. ಅದೂ ಬೇಸಿಗೆಯಲ್ಲಿ ಅರ್ಧ.

ಕಾಕಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ನೋಡುವುದೇ ಅವರ ಜೀವಮಾನದ ಕೆಲಸ. ಯಾರೋ ಪ್ರಯಾಣಿಕರು ಸೀಟಿನಲ್ಲಿ ಮರೆತುಹೋದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಅವರ ಕಪಾಟಿಗೆ ಬಂದಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬಸ್ಸುಗಳೂ ಸೊರಗುವ ಹೊತ್ತಿನಲ್ಲಿ ಕಾಕಾ ಅದನ್ನು ಓದಿದರು. ಓದಿ, ಇತಿಹಾಸಕಾರರು ಇಷ್ಟು ಕಾಲವೂ ತಪ್ಪಿಸಿಕೊಂಡ ಸತ್ಯವನ್ನು ಕಂಡುಹಿಡಿದರು.

"ಲೇಟ್ ಹೊಂಟಾನ, ಲೇಟ್ ಮುಟ್ಯಾನ, ಪ್ಯಾಸೆಂಜರ್ ಇಳಿಸ್ದೇ ವಾಪಸ್ ಬಂದಾನ! ನಮ್ ಡಿಪೋದಾಗ ಇದಕ್ಕ ಸಸ್ಪೆಂಡ್ ಮಾಡ್ತಿದ್ವಿ. ಅವ್ರು ಜರಾ ಖಡಕ್ ಮಂದಿ, ಗುಂಡ ಹಾಕ್ಯಾರ. ಅಷ್ಟೇ ಫರಕ."

ಇದನ್ನು ಒಪ್ಪದವರು ಒಬ್ಬರೇ ಒಬ್ಬರಿದ್ದರು. ಕಾಕಾನ ಕೈಕೆಳಗೆ ಬಹುಕಾಲ ಬಸ್ಸು ಓಡಿಸಿ, ಈಗ ಹತ್ತಿರದ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಿರುವ ಡ್ರೈವರ್. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ಉಸ್ತಾದರು ಆ ಪುಸ್ತಕವನ್ನು ಓದಿರಲಿಲ್ಲ. ಓದುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಬೈಯಿಸಿಕೊಂಡವನು ಗಾಡಿ ನಡೆಸುವವನು ಎಂದು ತಿಳಿದ ಕೂಡಲೇ ಅವರು ಅವನ ಪರ ನಿಂತರು.

"ಸಾಹೇಬ್ರ, ಗಾಡಿ ಯಾವ್ದು ಕೊಟ್ಟಿದ್ರು ಅದನ್ನ ಹೇಳ್ರಿ ಮೊದ್ಲ."

"ಹಡಗ, ಗಾಡಿ ಅಲ್ಲ."

"ಅದೇ. ಹಳೇದೋ ಹೊಸಾದೋ? ಮಂದಿ ಪೂರಾ ಇದ್ರೋ ಇಲ್ಲೋ?"

ಹಡಗುಗಳು ಸೋರುತ್ತಿದ್ದವು, ನಾವಿಕರು ಕಡಿಮೆಯಿದ್ದರು ಎಂದು ಪುಸ್ತಕದಲ್ಲಿಯೇ ಇತ್ತು. ಕಾಕಾ ಒಲ್ಲದ ಮನಸ್ಸಿನಿಂದ ಅದನ್ನು ಓದಿ ಹೇಳಿದರು. ಉಸ್ತಾದರು ಚಹಾದ ಬಸಿ ಕೆಳಗಿಟ್ಟು, "ನೋಡ್ರಿ ಮತ್ತ! ಬ್ರೇಕ್ ಇಲ್ಲದ್ದು ಕೊಟ್ಟು ಘಾಟಿ ಇಳಸು ಅಂದ್ರ ಯಾವ ಮಗ ಇಳಸ್ತಾನ?" ಎಂದರು.

ಹೀಗೆ ಶುರುವಾದ ವ್ಯಾಜ್ಯ ಇಬ್ಬರ ನಿವೃತ್ತಿ ಜೀವನವನ್ನೂ ಪೂರ್ತಿ ಆಕ್ರಮಿಸಿತು. ಭಾನುವಾರ ಬಂತೆಂದರೆ ಕಾಕಾ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ, ಸಂಜೆಯ ಕಡೆಯ ಬಸ್ಸಿಗೆ ವಾಪಸ್. ಒಮ್ಮೆ ಬಾಳೆದಿಂಡಿನ ಪಟ್ಟೆಗಳಲ್ಲಿ ಹಡಗು ಮಾಡಿ, ತೋಟದ ಹೊಂಡದಲ್ಲಿ ಇಡೀ ಕಾಳಗವನ್ನು ಮತ್ತೆ ನಡೆಸಿದರು. ಗಾಳಿಯ ದಿಕ್ಕು, ಹಡಗುಗಳ ಸಾಲು, ಎಲ್ಲ ಲೆಕ್ಕ ಹಾಕಿ, ತೋಪು ಹಾರಬೇಕು ಅನ್ನುವಷ್ಟರಲ್ಲಿ ಪಕ್ಕದ ಹೊಲದ ಎಮ್ಮೆ ನೀರಿಗಿಳಿಯಿತು. ಫ್ರೆಂಚರು ಎಮ್ಮೆಯ ಹೊಟ್ಟೆಯಡಿ ಸಿಕ್ಕರು. ಬ್ರಿಟಿಷರನ್ನು ಅದು ತಿಂದಿತು.

"ಹೋಗ್ಲಿ, ದ್ವೀಪ ಯಾರಿಗಿ ಸಿಕ್ತು?" ಎಂದು ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಕೇಳಿದರು.

"ಎಮ್ಮಿಗಿ," ಎಂದು ಕಾಕಾ ಸಿಟ್ಟಿನಿಂದಲೇ ಒಪ್ಪಿಕೊಂಡರು.

ಕಾಕುಗೂ ಈ ದ್ವೀಪದ ಬಗ್ಗೆ ಸ್ವಂತ ಅಭಿಪ್ರಾಯವಿತ್ತು. ಇಂಥ ಗಂಡನ ಜತೆ ಬಾಳಿದವರಿಗೆ ಇರದೆ ಹೇಗಿರುತ್ತದೆ? ಬ್ರಿಟಿಷರು ಮುಂದೆ ದ್ವೀಪವನ್ನು ಮರಳಿ ಪಡೆದು, 1782ರಲ್ಲಿ ಸ್ಪೇನಿನವರಿಗೆ ಮತ್ತೆ ಸೋತರು. ಆ ಸಲ ಕೋಟೆಯೊಳಗಿದ್ದವರನ್ನು ಕೆಡವಿದ್ದು ತೋಪಿಗಿಂತ ಹೆಚ್ಚಾಗಿ ಸ್ಕರ್ವಿ. ಹಸಿರು ತರಕಾರಿಯಿಲ್ಲದೆ ಒಸಡಿನಲ್ಲಿ ರಕ್ತ ಬರುವ ರೋಗ. ಕಾಕು ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಹೇಳಿದರು: "ಕೋಟಿ ಕಟ್ಟಾಕ ಬರ್ತದ, ನಾಕ ಪುಂಡಿ ಗಿಡ ಹಚ್ಚಾಕ ಬರಲ್ಲ. ಗಂಡಸ್ರ ರಾಜ್ಯ, ಮತ್ತೇನಾಗ್ತದ!"

ನಂತರ ಬಂತು ಅಂತಿಮ ವಿಚಾರಣೆ. ಡಿಪೋದಲ್ಲಿ ಇಲಾಖಾ ವಿಚಾರಣೆ ನಡೆಯುವ ಪದ್ಧತಿಯಲ್ಲೇ ಅಡ್ಮಿರಲ್‌ನ ಪ್ರಕರಣ ಇತ್ಯರ್ಥವಾಗಬೇಕೆಂದು ಇಬ್ಬರೂ ಒಪ್ಪಿದ್ದರು. ವಿಚಾರಣಾಧಿಕಾರಿ ಕಾಕಾ. ಆಪಾದಿತನ ಪರ ಉಸ್ತಾದ. ಸ್ಥಳ, ಕಮಲಾಪುರ ಬಸ್ ನಿಲ್ದಾಣದ ಕಟ್ಟೆ. ಆರೋಪ ಓದುವುದರಲ್ಲೇ ಮಧ್ಯಾಹ್ನ ಕಳೆಯಿತು. ಉಸ್ತಾದರು ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, "ಸಾಹೇಬ್ರ, ಈಗ ನನ್ನ ಮಾತ ಕೇಳ್ರಿ" ಎಂದರು. ಅಷ್ಟರಲ್ಲಿ ಕಡೆಯ ಬಸ್ಸು ಬಂತು.

ಬಸ್ಸು ತಪ್ಪಿಸಿಕೊಳ್ಳುವುದು ಕಾಕಾನ ಧರ್ಮದಲ್ಲೇ ಇಲ್ಲ! ಅವರು ಓಡಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಹಿಂದಿರುಗಿ ತೀರ್ಪು ಕೂಗಿದರು: "ಅಪರಾಧಿ! ಗುಂಡು!" ಕಂಡಕ್ಟರ್ ಸೀಟಿ ಊದಿದ. ಗುಂಡು ಯಾರಿಗೆಂದು ತಿಳಿಯದೆ ಒಳಗಿದ್ದ ಒಬ್ಬ ಅಜ್ಜಿ ಇಳಿದೇಬಿಟ್ಟಳು.

ಕಟ್ಟೆಯ ಮೇಲೆ ನಿಂತೇ ಉಳಿದ ಉಸ್ತಾದರು ಅಲ್ಲಿದ್ದವರಿಗೆ ಹೇಳಿದ್ದಿಷ್ಟು: "ನೌಕರಿ ಮಾಡೋತನಕ ಕೇಳಲಿಲ್ಲ. ಇವತ್ತೂ ಕೇಳಲಿಲ್ಲ."

ಆಮೇಲೆ ಅವರು ಫೋನ್ ಎತ್ತಲಿಲ್ಲ. ಮುಂದಿನ ಭಾನುವಾರ ಕಾಕಾ ಹೋದರೆ, "ಮಾವ ತ್ವಾಟಕ್ಕ ಹೋಗ್ಯಾರ್ರಿ" ಎಂದು ಸೊಸೆ ಬಾಗಿಲಲ್ಲೇ ಹೇಳಿದಳು. ಮಾವನ ಚಪ್ಪಲಿ ಆ ಬಾಗಿಲಲ್ಲೇ ಇತ್ತು.

ಜಗಳವಾಡಲು ಜನ ಸಿಗದ ಮನುಷ್ಯನ ಅವಸ್ಥೆ ನೋಡಬೇಕು! ಕಾಕಾ ಬದಲಿ ವ್ಯಕ್ತಿಗಾಗಿ ಊರೆಲ್ಲ ಹುಡುಕಿದರು. ಕ್ಷೌರಿಕ ಅಡ್ಮಿರಲ್‌ಗೆ ಗುಂಡು ಹಾಕಿದ್ದು ಸರಿ ಎಂದು ತಕ್ಷಣ ಒಪ್ಪಿಬಿಟ್ಟ. ಅಂಥವನ ಜತೆ ಏನು ಮಾತಾಡುವುದು? ಹಾಲಿನವನು ಬರುವ ಸಮಯ ಬದಲಿಸಿಕೊಂಡ. ನನ್ನನ್ನು ಕಲಬುರಗಿ ಕೋಟೆಗೆ ಕರೆದೊಯ್ದು, ಕಂದಕ ತೋರಿಸಿ, ಒಳಗೆ ಮನೆ ಮಾಡಿಕೊಂಡಿದ್ದು ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಕೇಳಿದರು: "ಅಮ್ಮಾ, ವೈರಿ ಬಂದು ಸುತ್ತ ಮುತ್ತಿಗಿ ಹಾಕಿದ್ರ ಎಷ್ಟ ದಿನ ತಡಕೋತೀರಿ?"

ಆಕೆ ಬಕೆಟ್ ಕೆಳಗಿಟ್ಟಳು. "ನಳದಾಗ ನೀರ ಬರೋದೇ ಎಂದಾರ ಒಮ್ಮಿ. ವೈರಿ ಯಾಕ ಬೇಕ್ರಿ ಭಾಯಿ? ಬಂದ್ರ ಅವ್ರೇ ನೀರ ಕೇಳಿ ವಾಪಸ್ ಹೋಗ್ತಾರ."

ಕಾಕಾ ನಗಲಿಲ್ಲ. ವಾಪಸಾಗುವಾಗ, "ಉಸ್ತಾದ ಇದ್ರ ಇದಕ್ಕೊಂದ್ ಮಾತ ಹಾಕ್ತಿದ್ದ" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸೊಸೆಯೇ ಫೋನ್ ಮಾಡಿದಳು. ಉಸ್ತಾದರಿಗೆ ಲಕ್ವಾ ಹೊಡೆದಿತ್ತು. ಜೀವಕ್ಕೆ ಅಪಾಯವಿಲ್ಲ, ಆಸ್ಪತ್ರೆಯಿಂದ ಮನೆಗೂ ಬಂದಾಗಿದೆ. ಬಲಗೈ ಏಳುತ್ತಿಲ್ಲ. ಮಾತು ಬರುತ್ತದೆ, ಆದರೆ ಒಂದೊಂದು ಪದಕ್ಕೂ ಬಹಳ ಹೊತ್ತು.

ನಾನು ಕಾಕಾನ ಜತೆ ಹೋದೆ. ಬಸ್ಸು ತಡವಾಗಿ ಹೊರಟಿತು. ಕಾಕಾ ಗಡಿಯಾರ ನೋಡಲಿಲ್ಲ, ಡ್ರೈವರನನ್ನು ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಉಸ್ತಾದರು ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಾಕಾನನ್ನು ಕಂಡು ಮುಖ ಆಚೆ ತಿರುಗಿಸಿದರು. ಕಾಕಾ ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ಡಿಪೋದ ಗತ್ತಿನಲ್ಲೇ ಹೇಳಿದರು: "ಹಿಂದಿನ ತೀರ್ಪ ರದ್ದಾಗ್ಯದ. ಆಪಾದಿತನ ಕಡಿ ಹೇಳಿಕಿ ತಗೊಂಡಿಲ್ಲ ಅಂತ. ಉಸ್ತಾದ, ಹೇಳು."

ಉಸ್ತಾದರು ನಿಧಾನಕ್ಕೆ ಮುಖ ಈಚೆ ತಿರುಗಿಸಿದರು. ಆಮೇಲೆ ಅವರ ತುಟಿ ಅಲುಗಿತು.

"ಹಡ... ಹಡಗ..."

"ಹಡಗ ಹಳೇವಿದ್ವು ಅಂತಾರ್ರಿ," ಎಂದಳು ಸೊಸೆ, ಬಾಗಿಲ ಬಳಿಯಿಂದ. ಎಲ್ಲರೂ ಈಗ ಅವರ ಮಾತನ್ನು ಹೀಗೇ ಮುಗಿಸಿಕೊಡುತ್ತಿದ್ದರು.

"ಸಾಕ್ಷಿ ಬಾಯಾಗ ಮಾತ ತುರುಕಬ್ಯಾಡವಾ!" ಕಾಕಾ ಗುಡುಗಿದರು. "ಅವ್ನೇ ಹೇಳ್ತಾನ."

ಅವರೇ ಹೇಳಿದರು. "ಹಳೇವು" ಎನ್ನುವಷ್ಟರಲ್ಲಿ ಚಹಾ ಬಂದು ಆರಿತ್ತು. "ಮಂದಿ" ಎಂಬ ಪದ ಬಂತು. "ಕಮ್ಮಿ" ಬರುವ ಮುನ್ನ ಬಿಸಿಲು ಅಂಗಳ ದಾಟಿತು. ಬೇರೆಯವರು ಉಸಿರು ಬಿಡುವಷ್ಟರಲ್ಲಿ ಬಸ್ಸು ಬಿಡಿಸುತ್ತಿದ್ದ ಕಾಕಾ ಮೊಣಕಾಲ ಮೇಲೆ ಕೈಯಿಟ್ಟು ಕೂತು, ಪ್ರತಿ ಪದಕ್ಕೂ ಕಾದರು. ಬಂದ ಪದಕ್ಕೆ "ಹೂಂ" ಎಂದರು. ನಡುವೆ ಒಮ್ಮೆ ಉಸ್ತಾದರು ಅತ್ತರು. ಕಾಕಾ ಆ ಏಳದ ಬಲಗೈಯನ್ನು ತಮ್ಮ ಕೈಯೊಳಗಿಟ್ಟುಕೊಂಡು, "ಅವಸರಿಲ್ಲ" ಎಂದರು. ಆ ಪದ ಅವರ ಬಾಯಿಂದ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಸಂಜೆ ಹೊರಗೆ ಕಡೆಯ ಬಸ್ಸು ಹಾರ್ನ್ ಹಾಕಿತು. ನನಗೆ ಮರುದಿನ ಕಚೇರಿಯಿತ್ತು, ಎದ್ದೆ. ಕಾಕಾ ತಲೆಯೆತ್ತಲಿಲ್ಲ. ಬಸ್ಸು ನನ್ನನ್ನಷ್ಟೇ ಹತ್ತಿಸಿಕೊಂಡು ಹೊರಟಿತು.

ನಿನ್ನೆ ಬೆಳಿಗ್ಗೆ ಅವರು ಕಾಕುಗೆ ಫೋನ್ ಮಾಡಿದ್ದಾರೆ. ಎರಡು ಅಂಗಿ ಕಳುಹಿಸಲು ತಿಳಿಸಿದ್ದಾರೆ. ಉಸ್ತಾದರ ಹೇಳಿಕೆಯಲ್ಲಿ ಹಡಗುಗಳು ಈಗಷ್ಟೇ ಜಿಬ್ರಾಲ್ಟರ್ ಬಿಟ್ಟು ಮಿನೋರ್ಕಾದ ಕಡೆಗೆ ಹೊರಟಿವೆ.