ತೂತಿಲ್ಲದ ವಿಮಾನ

ವಿಮಾನವೆಂದರೆ ಏನು? ಇಂಜಿನ್ನು, ಸೀಟು, ಗಾಲಿ ಇರುವ ಒಂದು ಗಾಡಿ. ಬಸ್ಸಿಗೆ ಇಲ್ಲದ ಎರಡು ರೆಕ್ಕೆ ಅದಕ್ಕಿವೆ, ಅಷ್ಟೇ. ಬಸ್ಸನ್ನು ರಿಪೇರಿ ಮಾಡಬಲ್ಲವನು ವಿಮಾನವನ್ನೇಕೆ ರಿಪೇರಿ ಮಾಡಲಾರ? ಈ ಪ್ರಶ್ನೆಯನ್ನು ನಾನು ಶಿರಸಿ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೇಳಿದೆ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದ್ದರಿಂದ ನನ್ನ ಮಾತೇ ಸರಿ ಎಂದು ತೀರ್ಮಾನಿಸಿದೆ!

ನನ್ನ ಅರ್ಹತೆಯನ್ನೂ ಇಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳಬೇಕು. ಯಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜಿದೆ. ಬಸ್ಸು, ಟೆಂಪೊಗಳ ಬಾಡಿ ಕೆಲಸ ಮತ್ತು ಪೇಂಟಿಂಗು. ನಮ್ಮ ಕಡೆ ಮಳೆಗಾಲದಲ್ಲಿ ಬಸ್ಸಿನೊಳಗೂ ಕೊಡೆ ಬಿಚ್ಚಿಕೊಂಡು ಕೂರುವುದುಂಟು. ಆದರೆ ನನ್ನ ಗ್ಯಾರೇಜಿನಿಂದ ಹೊರಬಿದ್ದ ಬಸ್ಸಿನಲ್ಲಿ ಒಂದು ಹನಿ ಸೋರುವುದಿಲ್ಲ. ಎಲ್ಲಿ ತೂತು ಕಂಡರೂ ನನಗೆ ಕೈ ತುರಿಸುತ್ತದೆ. ಮುಚ್ಚುವವರೆಗೆ ಸಮಾಧಾನವಿಲ್ಲ. ಸಿದ್ದಾಪುರದಿಂದ ಮಾಗೋಡಿನವರೆಗೆ ಜನ ನನ್ನನ್ನು ‘ಸೋರದ ಹೆಗಡೇರು’ ಎಂದೇ ಕರೆಯುತ್ತಿದ್ದರು. ಈ ಬಿರುದಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಇತ್ತು!

ಎಲ್ಲ ಶುರುವಾದದ್ದು ಗಫಾರ್ ಭಾಯಿಯ ಒಂದು ಫೋನಿನಿಂದ. ಗಫಾರ್ ಭಾಯಿ ಲಾರಿ ಮಾಲೀಕ, ನನ್ನ ಹಳೆಯ ದೋಸ್ತ. ಬಯಲುಸೀಮೆಯ ಕಡೆ ಸಾಮಾನು ಇಳಿಸಲು ಹೋದವನು ಅಲ್ಲಿ ಬಾಗಿಲು ಹಾಕಿದ ಒಂದು ವಿಮಾನ ಹಾರಿಸಲು ಕಲಿಸುವ ಶಾಲೆಯನ್ನು ಕಂಡಿದ್ದ.

“ಹೆಗಡೇರೇ, ಇಲ್ಲೊಂದು ಹಳೇ ವಿಮಾನ ನಿಂತದೆ. ಗುಜರಿಯವ್ರು ಕೇಳ್ತಾ ಇದಾರೆ. ನಿಮಗೆ ಬೇಕೇನು?”

ಅವನು ತಮಾಷೆ ಮಾಡಿದ್ದ. ನಾನು ಮರುದಿನವೇ ಅಲ್ಲಿಗೆ ಹೋಗಿ ನಿಂತಿದ್ದೆ!

ಒಂದೇ ಇಂಜಿನ್ನಿನ ಪುಟ್ಟ ವಿಮಾನ. ಬಣ್ಣ ಎದ್ದುಹೋಗಿತ್ತು, ಮೂತಿಯೊಳಗೆ ಗುಬ್ಬಿ ಗೂಡು ಕಟ್ಟಿತ್ತು. ವಯಸ್ಸು ಹೆಚ್ಚು ಕಡಿಮೆ ನನ್ನಷ್ಟೇ, ತಲೆಯ ಮೇಲಿನ ಬಣ್ಣ ಹೋದದ್ದೂ ನನ್ನಂತೆಯೇ. ಒಳಗೆ ಹತ್ತಿ ಕೂತು ಎದುರಿನ ಮುಳ್ಳುಗಳನ್ನೆಲ್ಲ ನೋಡಿದೆ. ನಿಜ ಹೇಳುತ್ತೇನೆ, ನನಗೆ ಕಣ್ಣು ಮಂಜಾಯಿತು. ಇಂಥದ್ದನ್ನು ಗುಜರಿಗೆ ಹಾಕುವುದೇ? ಮಾರುವಾತ ಒಂದೇ ಎಚ್ಚರಿಕೆ ಕೊಟ್ಟ. ಲೈಸೆನ್ಸ್ ಇರುವ ಇಂಜಿನಿಯರೊಬ್ಬರು ನೋಡಿ ಸೈ ಎನ್ನದೆ ಇದನ್ನು ಹಾರಿಸುವಂತಿಲ್ಲ. “ಸೈ ಅನ್ನಿಸೋಣ ಬಿಡಿ” ಎಂದೆ. ರೆಕ್ಕೆ ಬಿಚ್ಚಿ, ಗಫಾರ್ ಭಾಯಿಯ ಲಾರಿಯಲ್ಲೇ ಹೇರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವನು ತಲೆ ಚಚ್ಚಿಕೊಳ್ಳುತ್ತಿದ್ದ.

ಇನ್ನು ಉಳಿದದ್ದು ಸಾವಿತ್ರಿ. ಅಂದರೆ ನನ್ನ ಹೆಂಡತಿ. ಗ್ಯಾರೇಜಿನ ಪಕ್ಕದ ತಗಡಿನ ಶೆಡ್ಡು ಅವಳದು. ಕೇರಿಯ ಹೆಂಗಸರನ್ನು ಕೂಡಿಸಿಕೊಂಡು ಬೇಸಿಗೆಯಲ್ಲಿ ಅಲ್ಲಿ ಹಲಸಿನ ಹಪ್ಪಳ ಮಾಡುತ್ತಾಳೆ. ಆ ಹೆಂಗಸರಿಗೆಲ್ಲ ವರ್ಷದ ಕೈಖರ್ಚು ಅದರಿಂದಲೇ. ಆ ವರ್ಷದ ಹಪ್ಪಳ ಆಗಷ್ಟೇ ಮುಗಿದು ಶೆಡ್ಡು ಖಾಲಿಯಾಗಿತ್ತು. ನಾನು ಸದ್ದಿಲ್ಲದೆ ವಿಮಾನವನ್ನು ಒಳಗೆ ನೂಕುತ್ತಿದ್ದಾಗ ಅವಳು ಬಂದಳು.

“ಇದೆಂತದು?”

“ವಿಮಾನ.”

“ಅದು ಕಾಣ್ತು. ನಮ್ಮನಿಗೆ ಎಂತಕ್ಕೆ ಬಂತು?”

“ಆನು ಸರಿ ಮಾಡ್ತೆ. ಆಮೇಲೆ ಹಾರ್ಸದು ಕಲಿತೆ. ನಿನ್ನ ಕೂರಿಸ್ಕಂಡು ಹೋಗಿ ಮಾಗೋಡು ಜಲಪಾತನ ಮೇಲಿಂದ ತೋರಿಸ್ತೆ!”

“ಬಸ್ಸಲ್ಲಿ ಕರ್ಕಂಡು ಹೋಪಲೇ ಇಷ್ಟು ವರ್ಷ ಪುರಸೊತ್ತು ಆಜಿಲ್ಲೆ. ಇನ್ನು ಮೇಲಿಂದ ತೋರಿಸ್ತ್ರಡ!”

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಂದವಾಯಿತು. “ಬಪ್ಪ ವರ್ಷ ಹಲಸಿನಕಾಯಿ ಬಲಿಯದ್ರೊಳಗೆ ಇದು ಹಾರಲೂ ಅಡ್ಡಿಲ್ಲೆ, ಗುಜರಿಗೆ ಹೋಪಲೂ ಅಡ್ಡಿಲ್ಲೆ. ಶೆಡ್ಡು ಖಾಲಿ ಆಗವು. ಹೆಂಗಸ್ರಿಗೆ ಮಾತು ಕೊಟ್ಟಿದ್ದಿ ಆನು” ಎಂದಳು. ಹೋಗುವಾಗ ತಿರುಗಿ ನಿಂತು, “ಹಾಂ, ಶೆಡ್ಡಿನ ತಗಡಲ್ಲೊಂದು ತೂತು ಇದ್ದು. ಮಳೆಗಾಲದೊಳಗೆ ಮುಚ್ಚಿ” ಎಂದಳು.

“ಅದೆಂತ ದೊಡ್ಡ ಕೆಲ್ಸ? ನಾಳೆ ಮಾಡ್ತೆ” ಎಂದೆ. ವಿಮಾನದ ಮುಂದೆ ತಗಡಿನ ತೂತು ಯಾವ ಲೆಕ್ಕ!

ಕೆಲಸ ಭರದಿಂದ ಸಾಗಿತು. ಗುಬ್ಬಿಗೂಡನ್ನು ಜೋಪಾನವಾಗಿ ತೆಗೆದು ಪೇರಲೆ ಮರಕ್ಕೆ ವರ್ಗಾಯಿಸಿದೆ. ಇಂಜಿನ್ ಬಿಚ್ಚಿ, ತೊಳೆದು, ಜೋಡಿಸಿದೆ. ಸೀಟಿಗೆ ಬಸ್ಸಿನ ರೆಕ್ಸಿನ್ ಹಾಕಿದೆ. ಕಿಟಕಿಗೆ ಪರದೆ ಬೇಡವೆಂದು ಸಾವಿತ್ರಿಯೇ ತಡೆದಳು. ಬಣ್ಣ ಹೊಡೆಯುವ ಮುಂಚೆ ಟಾರ್ಚು ಹಿಡಿದು ಇಡೀ ಮೈ ಪರೀಕ್ಷೆ ಮಾಡಿದೆ. ನೋಡುತ್ತೇನೆ, ಎಲ್ಲೆಲ್ಲೂ ತೂತು!

ಹೊಟ್ಟೆಯ ಕೆಳಗೆ ತೂತು. ಬಾಲದ ಬುಡದಲ್ಲಿ ತೂತು. ಪಕ್ಕೆಯಲ್ಲಿ ಸೂಜಿ ಗಾತ್ರದ್ದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಒಂದು! ರೆಕ್ಕೆಯ ಅಡಿಯಲ್ಲಿ ಒಂದು ಕೊಳವೆ ಬಾಯಿ ತೆರೆದುಕೊಂಡು ನಿಂತಿತ್ತು. ಮಾಡಿದ ಕಂಪನಿಯವರ ಮೇಲೆ ನನಗೆ ಮರುಕ ಹುಟ್ಟಿತು. ಪಾಪ, ಅವರಿಗೆ ಮಳೆಯೆಂದರೇನೆಂದೇ ಗೊತ್ತಿಲ್ಲ! ಬಸ್ಸಿನ ತೂತಿಗೆ ಮೆತ್ತುವ ಪುಟ್ಟಿಯನ್ನೇ, ಅಂದರೆ ನಮ್ಮ ಲಪ್ಪವನ್ನೇ, ಕಲಸಿ ಒಂದೊಂದನ್ನೂ ಮುಚ್ಚಿದೆ, ಉಜ್ಜಿ ನಯ ಮಾಡಿದೆ, ಮೇಲೆ ಎರಡು ಕೋಟು ಬಣ್ಣ ಹೊಡೆದೆ. ಕೊಳವೆಯ ಬಾಯಿಗೆ ಬೆಂಡು ತುರುಕಿದೆ. ಆ ದಿನ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಸಾವಿತ್ರಿ ಆಗಾಗ ತಗಡಿನ ತೂತನ್ನು ನೆನಪಿಸಿದಳು, ನಾನು ಆಗಾಗ “ನಾಳೆ” ಎಂದೆ. ಹಲಸಿನ ಮರದಲ್ಲಿ ಮಿಡಿ ಕಾಣಿಸಿಕೊಂಡ ಹೊತ್ತಿಗೆ ಸರಿಯಾಗಿ ಇಂಜಿನಿಯರ್ ಸಾಹೇಬರು ಬಂದರು. ಧಾರವಾಡದ ಕಡೆಯವರು, ನಿವೃತ್ತರು, ಜೀವಮಾನವೆಲ್ಲ ವಿಮಾನದ ಹೊಟ್ಟೆಯೊಳಗೇ ಕಳೆದವರು.

ಹಿಂದಿನ ದಿನವೇ ಗ್ಯಾರೇಜಿನ ಅಂಗಳಕ್ಕೆ ವಿಮಾನ ತಂದು ರೆಕ್ಕೆ ಜೋಡಿಸಿದ್ದೆವು. ಕೇರಿಯೆಲ್ಲ ಸೇರಿತ್ತು. ಹೆಗ್ಗರಣೆಯಿಂದ ನನ್ನ ಮಾವನವರು ಮೊದಲ ಬಸ್ಸಿಗೇ ಬಂದಿದ್ದರು. ಸಾವಿತ್ರಿ ಆರತಿ ಎತ್ತಿದಳು. ಮೂರು ಗಾಲಿಗೂ ಲಿಂಬೆಹಣ್ಣು ಇಟ್ಟದ್ದಾಯಿತು. ನಾನು ತೆಂಗಿನಕಾಯಿ ಎತ್ತಿಕೊಂಡು ಪಂಖದ ಹತ್ತಿರ ಹೋದೆ.

“ಏ, ಏ! ಅದನ್ನ ನೆಲಕ್ಕ ಒಡೀರಿ!” ಎಂದು ಸಾಹೇಬರು ಕೂಗಿದರು.

ಅವರೇ ಹತ್ತಿ ಕೂತು ಇಂಜಿನ್ ಚಾಲೂ ಮಾಡಿದರು. ಏನೆಂದು ಹೇಳಲಿ! ಗುರ್ರೆಂದಿತು, ಪಂಖ ಮಾಯವಾಯಿತು, ಮಾವನವರ ಶಾಲು ಹಾರಿ ಬೇಲಿಯ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಸಾವಿತ್ರಿಯ ಮುಖದಲ್ಲೂ ಬೆರಗು ಕಂಡೆ. ಆ ಬೆರಗಿಗಾಗಿ ಇಂಥ ನಾಲ್ಕು ವಿಮಾನ ರಿಪೇರಿ ಮಾಡಬಹುದು ಎನ್ನಿಸಿತು.

ಅಷ್ಟರಲ್ಲಿ ಇಂಜಿನ್ ಕೆಮ್ಮಿತು. ಬಿಕ್ಕಳಿಸಿತು. ನಿಂತಿತು.

ಟ್ಯಾಂಕು ತುಂಬಿದೆ, ಆದರೂ ಪೆಟ್ರೋಲು ಬರುತ್ತಿಲ್ಲ. ಸಾಹೇಬರು ಇಳಿದು ಬಂದು ಟ್ಯಾಂಕಿನ ಮುಚ್ಚಳ ತಿರುವಿದರು. ‘ಸ್ಸ್’ ಎಂದು ಗಾಳಿ ಒಳಗೆ ನುಗ್ಗಿತು.

“ಇದರಾಗ ಒಂದು ತೂತು ಇರಬೇಕಿತ್ತಲ್ರೀ?”

“ಇತ್ತು ಸರ್. ನಾನೇ ಮುಚ್ಚಿದೆ” ಎಂದೆ, ಮೆಚ್ಚುಗೆಯ ನಿರೀಕ್ಷೆಯಲ್ಲಿ.

ಅವರು ಮುಚ್ಚಳವನ್ನು ನನ್ನ ಕೈಗೆ ಕೊಟ್ಟರು. “ಮ್ಯಾಲಿಂದ ಗಾಳಿ ಒಳಗ ಹೋಗದಿದ್ರ ಪೆಟ್ರೋಲ್ ಕೆಳಗ ಹ್ಯಾಂಗ ಇಳೀತೈತ್ರಿ?” ಆಮೇಲೆ ಪಕ್ಕೆಯನ್ನು ಬೆರಳಿನಿಂದ ಸವರಿದರು. “ಇಲ್ಲೊಂದು ಸಣ್ಣ ತೂತು?” “ಮುಚ್ಚಿದೆ ಸರ್.” “ಎಷ್ಟು ಎತ್ತರದಾಗ ಅದೀವಿ ಅಂತ ತಿಳಿಯೋದು ಅದರಿಂದ.” ರೆಕ್ಕೆಯ ಕೆಳಗೆ ಬಗ್ಗಿ ಬೆಂಡು ಕಿತ್ತರು. “ಎಷ್ಟು ಸ್ಪೀಡಿನಾಗ ಹೊಂಟೀವಿ ಅಂತ ತಿಳಿಯೋದು ಇದರಿಂದ.” ಅಂದರೆ ನನ್ನ ವಿಮಾನದಲ್ಲಿ ಕೂತವರಿಗೆ ಎತ್ತರವೂ ಗೊತ್ತಾಗದು, ವೇಗವೂ ಗೊತ್ತಾಗದು, ಇಂಜಿನ್ನು ನಿಂತದ್ದೊಂದು ಚೆನ್ನಾಗಿ ಗೊತ್ತಾಗುತ್ತಿತ್ತು!

“ತಿರುಗಿಸಿ ನೆರಳಿಗೆ ತರೋಣು. ಮುಂದಿನ ಗಾಲಿ ಏಳೂ ಹಂಗ ಬಾಲ ಸ್ವಲ್ಪ ಒತ್ರಿ” ಎಂದರು. ಗಫಾರ್ ಭಾಯಿ ಬಾಲದ ಮೇಲೆ ಕೈ ಇಟ್ಟು ಒತ್ತಿದ. ಒಳಗೆ ಗುಳುಗುಳು ಎಂದು ಏನೋ ಹಿಂದಕ್ಕೆ ಹರಿದ ಸದ್ದಾಯಿತು. ಬಾಲ ಧಡಕ್ಕನೆ ನೆಲಕ್ಕೆ ಕೂತಿತು, ಮೂತಿ ಎದ್ದು ಆಕಾಶ ನೋಡಿತು!

“ಹಾರ್ತು! ಹಾರ್ತು!” ಎಂದು ಮಾವನವರು ಕೂಗಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು.

“ಯಾ ಅಲ್ಲಾ, ನಾನು ಬರೀ ಮುಟ್ಟಿದ್ದು!” ಎಂದ ಗಫಾರ್ ಭಾಯಿ.

ಸಾಹೇಬರು ಸ್ಕ್ರೂಡ್ರೈವರಿನಿಂದ ಬಾಲದ ಬುಡದ ಲಪ್ಪವನ್ನು ಕೆತ್ತಿದರು. ಕಪ್ಪು ನೀರು ಚಿಲ್ಲೆಂದು ಹಾರಿತು, ನಿಲ್ಲದೆ ಸುರಿಯಿತು. ಬಾಲದ ಮುಚ್ಚಳ ಬಿಚ್ಚಿದಾಗ ಒಂದು ದೊಡ್ಡ ಕಪ್ಪೆ ನೆಗೆದು ಬೇಲಿ ದಾಟಿತು. ಮಾವನವರ ಶಾಲು ಬಿಟ್ಟರೆ ಆ ದಿನ ನಮ್ಮ ಅಂಗಳದಿಂದ ಮೇಲೆ ಹಾರಿದ್ದು ಅದೊಂದೇ.

“ಒಳಗ ನೀರು ಬಿದ್ರ ಹರಿದು ಹೋಗ್ಲಿ ಅಂತ ಆ ತೂತು ಇಟ್ಟಿರ್ತಾರ್ರೀ” ಎಂದರು ಸಾಹೇಬರು. ಒಳಗೆ ಬೆಳಕು ಬಿಟ್ಟು ತೋರಿಸಿದರು. ಬಾಲದ ಒಳಗಿನ ಅಲ್ಯೂಮಿನಿಯಂ ಪಟ್ಟಿಗಳೆಲ್ಲ ನೀರು ತಿಂದು ಬಿಳಿ ಪುಡಿಯಾಗಿ ಉದುರುತ್ತಿದ್ದವು. “ಇದು ಇನ್ನ ಹಾರಂಗಿಲ್ಲ. ಆದ್ರ ಇಷ್ಟು ನೀರು ಎಲ್ಲಿಂದ ಬಂತು? ಶೆಡ್ಡಿನಾಗ ಇತ್ತಲ್ರೀ?”

ಎಲ್ಲರೂ ನನ್ನನ್ನು ನೋಡಿದರು. ನಾನು ಸಾವಿತ್ರಿಯನ್ನು ನೋಡಿದೆ. ಅವಳು ಶೆಡ್ಡಿನ ತಗಡಿನ ಕಡೆಗೆ ಬೆರಳು ತೋರಿಸಿದಳು, ಅಷ್ಟೇ. ತೂತು ಸರಿಯಾಗಿ ಬಾಲ ನಿಂತಿದ್ದ ಜಾಗದ ಮೇಲೇ ಇತ್ತು. ಚುಕ್ಕಾಣಿ ಆಡುವ ಸಂದಿಯಿಂದ ಮಳೆಗಾಲದ ನೀರೆಲ್ಲ ಒಳಗಿಳಿದಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ನಾನು ರೆಕ್ಕೆಯ ಮೇಲೆ ಕೂತಿದ್ದೆ. ನಿಜಕ್ಕೂ ದುಃಖವಾಗಿತ್ತು. ಗುಜರಿಯಿಂದ ಉಳಿಸುತ್ತೇನೆಂದು ತಂದು ನಾನೇ ಕೊಂದುಹಾಕಿದ್ದೆ. ಸಾವಿತ್ರಿ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಬೈಗುಳಕ್ಕೆ ಕಾದೆ. ಬರಲಿಲ್ಲ.

“ಇಂಜಿನ್ನು ಇಲ್ಲಿ ನಿಂತಿದ್ದೇ ಚೊಲೊ ಆತು” ಎಂದಳು. “ಅಲ್ಲಿ ಮೇಲೆ ನಿಂತಿದ್ರೆ ಆನು ಯಾರ ಹತ್ರ ಜಗಳ ಆಡಕಾಗಿತ್ತು?”

ಮಜ್ಜಿಗೆ ಕುಡಿಯುವ ನೆಪ ಮಾಡಿದೆ. ಆ ವಾರವೇ ಬಸ್ಸಿನಲ್ಲಿ ಅವಳನ್ನು ಮಾಗೋಡಿಗೆ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ನಿಂತು ನೋಡಿದರೂ ಜಲಪಾತ ಚೆನ್ನಾಗಿಯೇ ಕಾಣುತ್ತದೆ.

ಶೆಡ್ಡು ಸಮಯಕ್ಕೆ ಸರಿಯಾಗಿ ಖಾಲಿಯಾಯಿತು. ಆದರೆ ವಿಮಾನವನ್ನು ಗುಜರಿಗೆ ಕೊಡಲು ಮಾತ್ರ ಸಾವಿತ್ರಿಯೇ ಒಪ್ಪಲಿಲ್ಲ. ಒಂದು ಮಧ್ಯಾಹ್ನ ರೆಕ್ಕೆಯ ಮೇಲೆ ಅಂಗೈ ಇಟ್ಟು ನೋಡಿ, “ಅಬ್ಬಾ, ಎಂತ ಕಾವು!” ಎಂದಿದ್ದಳು. ಮರುದಿನವೇ ಹೆಂಗಸರು ಎರಡೂ ರೆಕ್ಕೆಗೆ ಬಿಳಿ ಬಟ್ಟೆ ಹಾಸಿದರು. ಹಪ್ಪಳ ಚಾಪೆಯ ಮೇಲಿಗಿಂತ ಬೇಗ ಒಣಗುತ್ತದಂತೆ! ನನ್ನ ರಿಪೇರಿ ಕೆಲಸಕ್ಕೆ ಸಿಕ್ಕ ಏಕೈಕ ಪ್ರಶಂಸಾಪತ್ರ ಇದು.

ನಿನ್ನೆ ಏಣಿ ಹಾಕಿ ಶೆಡ್ಡಿನ ಮೇಲೆ ಹತ್ತಿ, ಕೊನೆಗೂ ತಗಡಿನ ತೂತು ಮುಚ್ಚಿದೆ. ಅಲ್ಲಿಂದ ಕೆಳಗೆ ನೋಡಿದಾಗ ನನ್ನ ವಿಮಾನ ಕಾಣಿಸಿತು, ರೆಕ್ಕೆ ತುಂಬ ದುಂಡನೆಯ ಹಪ್ಪಳ. ನನ್ನ ವೈಮಾನಿಕ ಜೀವನದಲ್ಲಿ ನಾನು ಏರಿದ ಅತಿ ಹೆಚ್ಚಿನ ಎತ್ತರ ಅದು. ಇಳಿಯಲೆಂದು ಏಣಿಗೆ ಕಾಲು ಚಾಚಿದೆ. ಕೆಳಗಿನಿಂದ ಸಾವಿತ್ರಿಯ ದನಿ ಬಂತು.

“ಇಳಿಯದು ಬ್ಯಾಡ, ಅಲ್ಲೇ ಕೂತ್ಕಳಿ! ಹಪ್ಪಳಕ್ಕೆ ಕಾಗೆ ಬಂತು, ಓಡ್ಸವು!”