ನೋವು ಸೊನ್ನೆ ಎಂದ ಮೊಣಕಾಲು

ಮನೆಯ ವಿಷಯ ಮನೆಯೊಳಗೇ ಇರಬೇಕೆನ್ನುವವಳು ನಾನು. ಆದರೆ ನಾನು ಹುಟ್ಟಿ ಬೆಳೆದ ಮನೆಗೆ ಅಂಥ ಯಾವ ಹಟವೂ ಇಲ್ಲ. ನೆಲ್ಯಹುದಿಕೇರಿಯ ರಸ್ತೆ ಬದಿಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ರವಿಕೆಗೆ ಅಳತೆ ಕೊಟ್ಟವರು ಕೂಡಲೇ ಎದ್ದು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅವರಿಗಾಗಿಯೇ ಗೋಡೆಗೆ ಒರಗಿಸಿ ಒಂದು ಬೆಂಚು ಹಾಕಿದೆ. ನನಗೆ ಬಂದ ಗಂಡುಗಳ ವಿಷಯವನ್ನು ನನಗಿಂತ ಮೊದಲು ಆ ಬೆಂಚು ಚರ್ಚಿಸಿ, ಇಬ್ಬರನ್ನು ಬೇಡವೆಂದು ತೀರ್ಮಾನಿಸಿಯೂ ಆಗಿತ್ತು. ನಾನು ಕುಶಾಲನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಂಕಿಗಳನ್ನು ನಾನು ಪ್ರೀತಿಸುವುದಕ್ಕೆ ಮುಖ್ಯ ಕಾರಣ, ಅವು ಬೆಂಚಿನ ಮೇಲೆ ಕೂತು ಮಾತಾಡುವುದಿಲ್ಲ ಎಂಬುದು.

ಅಮ್ಮನ ಬಲ ಮೊಣಕಾಲು ಸವೆದು ಎರಡು ವರ್ಷವಾಯಿತು. ಆಕೆಯದು ಕಾಲಿನಲ್ಲಿ ತುಳಿಯುವ ಮಿಷನ್. ಮೋಟಾರು ಹಾಕಿಸೋಣ ಎಂದರೆ, "ಕರೆಂಟು ಮಳೆಗಾಲದಲ್ಲಿ ಹೋದ್ರೆ ಮತ್ತೆ ಬರೋದು ಸುಗ್ಗಿಗೇ. ಅದ್ನ ನಂಬ್ಕೊಂಡು ಕೂರಕ್ಕಾಗುತ್ತಾ?" ಎನ್ನುತ್ತಾಳೆ. ಅಂತೂ ಮೈಸೂರಿನ ಡಾಕ್ಟರು ಎಕ್ಸ್‌ರೇ ನೋಡಿ ಮೊಣಕಾಲು ಬದಲಿಸಬೇಕೆಂದರು. ಅದಕ್ಕೆ ಮೊದಲು ತೊಡೆಯ ಸ್ನಾಯು ಗಟ್ಟಿಯಾಗಬೇಕು, ಆಗ ಆಪರೇಷನ್ ಆದ ಮೇಲೆ ಬೇಗ ಓಡಾಡಬಹುದು. ಹೀಗೆಂದು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಆರು ವಾರ ಅದು ಹೇಳಿದ ವ್ಯಾಯಾಮ ಮಾಡಬೇಕು. ಕ್ಯಾಮೆರಾದ ಮುಂದೆ ಕಾಲೆತ್ತಿದರೆ ಅದು ಎಣಿಸುತ್ತದೆ, ದಿನವೂ ನೋವೆಷ್ಟೆಂದು ಕೇಳುತ್ತದೆ. ಆ ವರದಿ ನೋಡಿ ಡಾಕ್ಟರು ಆಪರೇಷನ್ನಿನ ದಿನ ಗೊತ್ತುಮಾಡುತ್ತಾರೆ. ಅಂಕಿ, ದಾಖಲೆ, ವರದಿ ಎಂದಾಗ ನನಗೆ ನನ್ನ ಲೋಕಕ್ಕೆ ಬಂದಂತೆ ಸಮಾಧಾನವಾಯಿತು.

ಸಮಾಧಾನ ಮನೆಗೆ ಬರುವವರೆಗೆ ಮಾತ್ರ ಇತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ, ಅಂದರೆ ಬೆಂಚಿನ ಎದುರಿಗೆ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿಸಲು ನಾನು ಎರಡು ದಿನ ಪ್ರಯತ್ನಿಸಿದೆ. ಅಮ್ಮ ಕಾಲೆತ್ತಿದಾಗ ಚಿತ್ರ ನಿಂತುಬಿಡುತ್ತಿತ್ತು. ಇಳಿಸಲೂ ಆಗದೆ ಹಿಡಿಯಲೂ ಆಗದೆ ಆಕೆ, "ಅದು ಎಣಿಸ್ತೋ ಇಲ್ವೋ ಹೇಳೇ, ಕಾಲು ಬಿದ್ದೋಗ್ತದೆ" ಎಂದು ಕೂಗಿದ್ದು ಹೇಗೂ ಬೆಂಚಿಗೆ ಕೇಳಿಸಿತು. ಮೂರನೆಯ ದಿನದಿಂದ ವ್ಯಾಯಾಮ ಅಂಗಡಿಯಲ್ಲೇ ನಡೆಯತೊಡಗಿತು. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿ ಇಡಬೇಕೆಂದರೆ ಅಮ್ಮ ಯಾರದೋ ಲಂಗದ ಬಟ್ಟೆ ಸುತ್ತಿ ಇಟ್ಟಳು. ಫೋನಿನೊಳಗಿನ ಹೆಂಗಸಿನ ದನಿ ಬಹಳ ಶುದ್ಧ ಕನ್ನಡದಲ್ಲಿ, "ಈಗ ನಿಮ್ಮ ಬಲಗಾಲನ್ನು ನಿಧಾನವಾಗಿ ಮೇಲೆತ್ತಿ. ಅತ್ಯುತ್ತಮ" ಎನ್ನುತ್ತಿತ್ತು. ಬೆಂಚು ಗಟ್ಟಿಯಾಗಿ ಎಣಿಸುತ್ತಿತ್ತು. ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡೇ ಅಮ್ಮ ಅಳತೆ ಬರೆದುಕೊಳ್ಳುತ್ತಿದ್ದಳು. ಒಬ್ಬರ ರವಿಕೆಯ ತೋಳು ಮೊಣಕೈ ದಾಟಿ ಹೋದದ್ದು ಆ ವಾರದಲ್ಲೇ.

ದಿನವೂ ಬೆಳಿಗ್ಗೆ ಇಪ್ಪತ್ತು ನಿಮಿಷ ಹೊರಗೆ ನಡೆಯಬೇಕೆಂದೂ ಆ ದನಿ ಹೇಳಿತ್ತು. ಆ ದಿನಗಳಲ್ಲಿ ನಮ್ಮ ಹಿಂದಿನ ಎಸ್ಟೇಟಿನಲ್ಲಿ ಐದು ಆನೆಗಳು ಬೀಡುಬಿಟ್ಟಿದ್ದವು. ಅಮ್ಮ ಮಿಷನ್ನಿಗೆ ಸುತ್ತು ಹಾಕಿದಳು, ಹೊರಗೆ ಹೋಗಲಿಲ್ಲ. ಸಂಜೆ ಆ್ಯಪ್ ಕಾರಣ ಕೇಳಿತು. ನೋವು, ಸಮಯದ ಅಭಾವ, ಮಳೆ, ಉತ್ಸಾಹವಿಲ್ಲ ಎಂದು ನಾಲ್ಕೇ ಉತ್ತರಗಳಿದ್ದವು, ಆನೆ ಇರಲಿಲ್ಲ. ನಾನು ಬಹಳ ಯೋಚಿಸಿ 'ಉತ್ಸಾಹವಿಲ್ಲ' ಎಂಬುದನ್ನು ಒತ್ತಿದೆ. ಅದಕ್ಕೆ ಆ ದನಿ, ಮೊದಲ ಹೆಜ್ಜೆಯೇ ಕಷ್ಟ, ಧೈರ್ಯವಾಗಿ ಮನೆಯಿಂದ ಹೊರಗೆ ಬನ್ನಿ ಎಂದಿತು. "ಅವ್ಳಿಗೇನು, ಫೋನಿನೊಳಗೆ ಕೂತವ್ಳು" ಎಂದಳು ಅಮ್ಮ.

ನಿಜವಾದ ತೊಂದರೆ ಇದ್ದದ್ದು ನೋವಿನ ಪ್ರಶ್ನೆಯಲ್ಲಿ. ವ್ಯಾಯಾಮ ಮುಗಿದ ಮೇಲೆ ದನಿ ಕೇಳುತ್ತಿತ್ತು: "ಇಂದು ನಿಮ್ಮ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು?" ಹಿಂದಿನ ಸಂಜೆ ಒಳಗಿನ ಒಂದು ಮೆಟ್ಟಿಲು ಹತ್ತಲು ಗೋಡೆ ಹಿಡಿದು, ಹಲ್ಲು ಕಚ್ಚಿ, ನಾನು ನೋಡುತ್ತಿದ್ದೇನೆಂದು ತಿಳಿದು ಕ್ಯಾಲೆಂಡರ್ ನೋಡುವಂತೆ ನಟಿಸಿದ್ದ ಅಮ್ಮ, ಬೆಂಚಿನ ಕಡೆಗೊಮ್ಮೆ ನೋಡಿ, ಸ್ಪಷ್ಟವಾಗಿ "ಸೊನ್ನೆ" ಎನ್ನುತ್ತಿದ್ದಳು. "ಅಭಿನಂದನೆಗಳು" ಎನ್ನುತ್ತಿತ್ತು ದನಿ.

ಆಮೇಲೆ ಅಡುಗೆಮನೆಯಲ್ಲಿ ನಾನು ಪಿಸುದನಿಯಲ್ಲಿ ಜಗಳವಾಡುತ್ತಿದ್ದೆ. "ಅಮ್ಮ, ಈ ಸೊನ್ನೆ ಡಾಕ್ಟರಿಗೆ ಹೋಗುತ್ತೆ."

"ನಿಜ ಹೇಳಿದ್ರೆ ಹೊಳೆಯಾಚೆ ಸಿದ್ದಾಪುರಕ್ಕೆ ಹೋಗುತ್ತೆ. ಅಲ್ಲಿ ಮೂರು ಮೋಟಾರ್ ಮಿಷನ್ ಇಟ್ಕೊಂಡು ಕೂತವ್ರೆ. ಟೈಲರಮ್ಮಂಗೆ ಕಾಲು ಹೋತು ಅಂದ್ರೆ ನಾಳೆಯಿಂದ ಬಟ್ಟೆ ಎಲ್ಲಾ ಹೊಳೆ ದಾಟ್ತವೆ. ನೀ ಸುಮ್ನಿರು."

ನಾನೇ ಗುಟ್ಟಾಗಿ ಅಂಕಿ ತಿದ್ದಬಹುದಿತ್ತು. ಆದರೆ ಬೇರೆಯವರು ಕೊಟ್ಟ ಮಾಹಿತಿಯನ್ನು ಮುಟ್ಟಬಾರದೆಂದು ತರಗತಿಯಲ್ಲಿ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು ನಾನು. ಸುಳ್ಳು ಅಂಕಿಗಳು ಅಚ್ಚುಕಟ್ಟಾಗಿ ಒಂದು ನೇರ ಗೆರೆಯಾಗುವುದನ್ನು ದಿನವೂ ನೋಡುತ್ತಾ ಕೂತೆ. ಅಷ್ಟು ಸುಂದರವಾದ ಗೆರೆಯನ್ನು ನಾನು ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ನೋವಿಲ್ಲವೆಂದು ನಂಬಿದ ಆ್ಯಪ್ ಹತ್ತು ಸಲವನ್ನು ಹದಿನೈದು ಮಾಡಿತು, ಹದಿನೈದನ್ನು ಇಪ್ಪತ್ತು ಮಾಡಿತು. ಅಮ್ಮ ಇಪ್ಪತ್ತನೆಯದನ್ನು ಕಣ್ಣುಮುಚ್ಚಿ ಮುಗಿಸಿ, ನಗುನಗುತ್ತಾ "ಸೊನ್ನೆ" ಎಂದಳು.

ನಾಲ್ಕನೆಯ ವಾರ ಆಸ್ಪತ್ರೆಯ ತರಬೇತುದಾರಳಾದ ಸ್ಮಿತಾ ಎಂಬ ಹುಡುಗಿ ವಿಡಿಯೊ ಕರೆ ಮಾಡಿದಳು. ಬೆಂಚಿನ ಮೇಲೆ ಇಬ್ಬರಿದ್ದರು. ಒಬ್ಬರು ಪಕ್ಕದ ಮನೆಯ ಆಯಿಷಮ್ಮ, ಮಲಯಾಳವನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವವರು; ಹುಡುಗಿಯರೆಲ್ಲ ಅವರಿಗೆ 'ಮೋಳೆ', ಅಂದರೆ ಮಗಳು. ಇನ್ನೊಬ್ಬಳು ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿರುವ ಲಕ್ಷ್ಮಿ. ಅಮ್ಮ ಲಕ್ಷ್ಮಿಯ ಕುತ್ತಿಗೆಗೆ ಟೇಪು ಹಿಡಿದಿದ್ದಳು.

"ಅಮ್ಮಾ, ಕಂಗ್ರಾಟ್ಸ್," ಎಂದಳು ಸ್ಮಿತಾ. "ಇಷ್ಟು ದಿನದಿಂದ ನಿಮ್ಮ ನೋವು ಸೊನ್ನೆನೇ ಇದೆ. ಡಾಕ್ಟರು ತುಂಬಾ ಖುಷಿಯಾದ್ರು. ನೋವೇ ಇಲ್ದಿರೋವಾಗ ಆಪರೇಷನ್ ಯಾಕೆ, ಸದ್ಯಕ್ಕೆ ಬೇಡ, ಇನ್ನೊಂದು ವರ್ಷ ಬಿಟ್ಟು ನೋಡೋಣ ಅಂದ್ರು."

ಟೇಪು ಲಕ್ಷ್ಮಿಯ ಕುತ್ತಿಗೆಯಲ್ಲೇ ನಿಂತಿತು. ಒಂದು ವರ್ಷ ಎಂಬ ಮಾತು ಅಮ್ಮನ ಮುಖದಲ್ಲಿ ಇಳಿಯುವುದನ್ನು ನಾನು ನೋಡಿದೆ. ಒಂದು ವರ್ಷ ಕಾದರೆ ಆ ಮಿಷನ್ ತುಳಿಯಲು ಕಾಲೇ ಇರುತ್ತಿರಲಿಲ್ಲ. ಆಗಲೇ ಆಕೆ ಎಡಗಾಲೊಂದರಲ್ಲೇ ತುಳಿಯುತ್ತಿದ್ದಳು. ಆದರೂ ಬೆಂಚಿನ ಎದುರು ಆಕೆ ನಿಜ ಹೇಳುವವಳಲ್ಲ. ನಾನು ಮಾತಾಡಲೇಬೇಕಾಯಿತು. ಮನೆಯ ಗುಟ್ಟನ್ನು ಹೊರಗಿನವರ ಮುಂದೆ ಬಿಚ್ಚಿದ ಅಭ್ಯಾಸ ನನಗಿಲ್ಲ.

"ಅದು, ದಾಖಲೆಯಲ್ಲಿ ಸ್ವಲ್ಪ ಮಾಪನ ದೋಷವಿದೆ," ಎಂದೆ.

"ಏನು ದೋಷ ಮೇಡಂ?"

"ಉತ್ತರ ಕೊಡುವವರ ಕಡೆಯಿಂದ ಬರುವಂಥದು."

"ಎಂತ ದೋಷ ಮೋಳೆ, ಸುಳ್ಳು ಹೇಳಿದ್ದು ಅಂತ ಹೇಳು," ಎಂದರು ಆಯಿಷಮ್ಮ. ಎದ್ದು ಬಂದು ಫೋನಿಗೆ ಮುಖವಿಟ್ಟರು. "ನೀನು ಕೇಳು ಮೋಳೆ. ಇವಳ ಮಿಷನ್ ನನ್ನ ಗೋಡೆಯ ಆಚೆ ಉಂಟು. ಮೊದಲು ಒಂದು ರವಿಕೆ ಮುಗಿಯುವ ತನಕ ನಿಲ್ಲದು. ಈಗ ಎರಡು ನಿಮಿಷ ಓಡ್ತದೆ, ನಿಲ್ತದೆ. ಓಡ್ತದೆ, ನಿಲ್ತದೆ. ಇವಳು ಸೊನ್ನೆ ಹೇಳ್ತಾಳೆ, ಮಿಷನ್ ಎಂಟು ಹೇಳ್ತದೆ. ನೀನು ಮಿಷನ್ ಹೇಳಿದ್ದು ಬರಿ."

ಅಮ್ಮ ಲಕ್ಷ್ಮಿಯ ಮುಖ ನೋಡಿದಳು. ಟೇಪಿನೊಳಗಿಂದಲೇ ಲಕ್ಷ್ಮಿ ಹೇಳಿದಳು, "ನಾವು ಎರಡು ವರ್ಷದಿಂದ ಅರ್ಜೆಂಟಿಲ್ಲ ಅರ್ಜೆಂಟಿಲ್ಲ ಅಂತಿರದು ಯಾಕೆ ಅಂದ್ಕಂಡ್ರಿ ಅಕ್ಕ? ನನ್ನ ತಂಗಿ ಮದ್ವೆ ರವಿಕೆಗೂ ಅರ್ಜೆಂಟಿಲ್ಲ ಅಂದಿದ್ದೆ. ಮದ್ವೆ ಮಾರನೇ ದಿನ ಕೊಟ್ರಿ."

"ಮತ್ತೆ ಸಿದ್ದಾಪುರಕ್ಕೆ ಹೋಗ್ಬೋದಿತ್ತಲ್ಲೇ," ಎಂದಳು ಅಮ್ಮ, ಬಹಳ ಮೆಲ್ಲಗೆ.

"ಹೋಗಿದ್ದೆ. ಕುತ್ತಿಗೆ ಸರಿ ಬರ್ನಿಲ್ಲ."

ಅಮ್ಮ ಟೇಪನ್ನು ಮಡಚಿ, ಸೆರಗಿನಿಂದ ಮುಖ ಒರೆಸಿಕೊಂಡು ಫೋನಿನ ಹತ್ತಿರ ಬಂದಳು. "ಬರ್ಕೊ ತಾಯಿ. ಕೂತಾಗ ಆರು. ತುಳಿವಾಗ ಎಂಟು. ಮೆಟ್ಲು ಹತ್ತುವಾಗ ಒಂಬತ್ತು. ಕಾರ್ತಿಕದ ಚಳೀಲಿ ಒಂಬತ್ತೂವರೆ." ಅರ್ಧ ಅಂಕಕ್ಕೆ ಅವಕಾಶವಿಲ್ಲವೆಂದು ಸ್ಮಿತಾ ಹೇಳಿದಾಗ ಅಮ್ಮ ಚೌಕಾಸಿ ಮಾಡಿದಳು. ಎರಡು ವಾರದಲ್ಲಿ ಆಪರೇಷನ್ನಿನ ದಿನ ಗೊತ್ತಾಯಿತು. ಇಪ್ಪತ್ತಿಪ್ಪತ್ತು ಸಲ ಎತ್ತಿದ ತೊಡೆ ಮಾತ್ರ ನಿಜವಾಗಿಯೂ ಗಟ್ಟಿಯಾಗಿದೆಯೆಂದು ಡಾಕ್ಟರು ಆಶ್ಚರ್ಯಪಟ್ಟರಂತೆ.

ಆಮೇಲೆ ನಮ್ಮ ಅಂಗಡಿಯಲ್ಲಿ ಅಂಕಿಗಳಿಗೆ ಬರವಿರಲಿಲ್ಲ. ಬಂದವರೆಲ್ಲ ಬೆಂಚಿನ ಮೇಲೆ ಕೂರುತ್ತಲೇ ಸೊಂಟಕ್ಕೆ ಐದು, ಹಿಮ್ಮಡಿಗೆ ಏಳು, ಗಂಡನಿಗೆ ಹತ್ತು ಎಂದು ಫೋನಿಗೆ ಹೇಳತೊಡಗಿದರು. ನಾನು ಬಹಳ ವರ್ಷಗಳಿಂದ ವಿದ್ಯಾರ್ಥಿಗಳಲ್ಲಿ ಹುಟ್ಟಿಸಲಾರದ ಅಂಕಿಯ ಪ್ರೀತಿ ಒಂದು ಬೆಂಚಿನಲ್ಲಿ ತಾನಾಗಿ ಹುಟ್ಟಿಕೊಂಡಿತ್ತು.

ಮೈಸೂರಿಗೆ ಹೊರಡುವ ಹಿಂದಿನ ದಿನ ಬೆಂಚು ತುಂಬಿತ್ತು. ಕೊನೆಯ ವ್ಯಾಯಾಮ ಮುಗಿದ ಮೇಲೆ ಫೋನ್ ಆರಿಸಲು ಕೈ ಚಾಚಿದೆ. ಆಗ ದನಿ, ಹಿಂದೆಂದೂ ಕೇಳದ್ದನ್ನು ಕೇಳಿತು: "ರೋಗಿಯ ಜೊತೆಗಾರರೇ, ನಾಳೆಯ ಪ್ರಯಾಣ ಮತ್ತು ಶಸ್ತ್ರಚಿಕಿತ್ಸೆಯ ಬಗ್ಗೆ ನಿಮಗಿರುವ ಆತಂಕ ಸೊನ್ನೆಯಿಂದ ಹತ್ತರಲ್ಲಿ ಎಷ್ಟು?"

ಇಡೀ ಬೆಂಚು ನನ್ನತ್ತ ತಿರುಗಿತು. ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ನಾನು "ಸೊನ್ನೆ" ಎಂದೆ.

ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ ಅಮ್ಮ ಅವನ್ನು ಒಂದೊಂದಾಗಿ ತೆಗೆದಿಟ್ಟಳು. "ಏಳು ಅಂತ ಬರ್ಕೊ ತಾಯಿ. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಅದು."

"ಏಳು. ದಾಖಲಿಸಲಾಗಿದೆ," ಎಂದಿತು ದನಿ.

ಯಾವ ದಾಖಲೆಯಲ್ಲೂ ತಪ್ಪು ಉಳಿಯಲು ಬಿಡುವವಳಲ್ಲ ನಾನು, ಮತ್ತು ಸರಿಯಾದ ಅಂಕಿ ಒಂಬತ್ತಾಗಿತ್ತು. ಆದರೆ ಅಷ್ಟು ಜನರ ಮುಂದೆ ಎರಡು ಅಂಕಕ್ಕಾಗಿ ವಾದಿಸುವುದು ಚೆನ್ನಾಗಿರುವುದಿಲ್ಲವೆಂದು ಏಳಕ್ಕೇ ಒಪ್ಪಿಕೊಂಡೆ.